ಬೆಂಕಿಯ ಪಕ್ಕದ ಮುಕ್ಕಾಲಿ

“ಆ ಕಲ್ಲಲ್ಲ ಸಾರ್, ಜಾರುತ್ತೆ. ಈಚೆ ಕಲ್ಲು. ಕೈ ಕೊಡಿ.”

ಅವನು ಕೊಡಲಿಲ್ಲ. ಜಾರಿದ. ಗೈಡು ಅವನ ಮೊಣಕೈ ಹಿಡಿದು ನಿಲ್ಲಿಸಿದಳು. ಮುಂದೆ ಇಳಿಯುತ್ತಿದ್ದ ಬ್ಯಾಂಕ್ ಮ್ಯಾನೇಜರಿಗೂ ಆ ಮ್ಯಾನೇಜರನ ಹೆಂಡತಿಗೂ ಕಾಣದ ಹಾಗೆ, ತನ್ನ ಬೆನ್ನು ಅಡ್ಡ ಮಾಡಿ. ನಲವತ್ತರ ಹೆಂಗಸು, ಕಾಲಿಗೆ ರಬ್ಬರ್ ಚಪ್ಪಲಿ.

ಉಪಕಾರ ನೆನೆಯಬೇಕಿತ್ತು. ಬದಲಿಗೆ ಅವನು ಕೇಳಿದ: “ಮೂವತ್ತು ವರ್ಷದ ಹಿಂದೆ ಇಲ್ಲಿ ಇಷ್ಟು ದಾರಿಯೂ ಇರಲಿಲ್ಲ, ಅಲ್ವಾ?”

“ನಂಗೇನು ಗೊತ್ತು ಸಾರ್. ನಾನು ಈ ಊರಿಗೆ ಸೊಸೆಯಾಗಿ ಬಂದೋಳು.”

ಬೆಳಿಗ್ಗೆ ಬಿಟ್ಟ ಪಟ್ಟಣ ಹಿಂದೆ ಬೆಟ್ಟದ ತುದಿಯಲ್ಲಿ ಕಾಣುತ್ತಿತ್ತು. ಬಿಳಿಯರು ಸೆಖೆ ತಪ್ಪಿಸಿಕೊಳ್ಳಲು ಕಟ್ಟಿದ ಊರು. ಬಿಳಿಯರು ಹೋದರು, ಅವರ ಕಲ್ಲಿನ ಇಗರ್ಜಿ, ನಿಂತ ಗಡಿಯಾರ, ಕ್ಲಬ್ಬಿನ ಬಾಗಿಲಲ್ಲಿ ಸಲಾಮು ಹೊಡೆಯುವ ಮುದುಕ ಉಳಿದರು. ಅಲ್ಲಿಂದ ಮೂರು ಗಂಟೆ ಇಳಿದರೆ ಗುಡ್ಡದ ಜನರ ಹಳ್ಳಿ. ಅವರ ಭಾಷೆ ಬೇರೆ, ಬಟ್ಟೆ ಬೇರೆ. ಪಟ್ಟಣದವರು ಅವರನ್ನು ‘ಕೆಳಗಿನವರು’ ಎನ್ನುತ್ತಾರೆ.

ಆ ಹಳ್ಳಿಯ ಒಂದು ಮನೆಯಲ್ಲಿ ಹತ್ತು ದಿನ ಇದ್ದು, ಅಲ್ಲಿನ ಮುಕ್ಕಾಲಿಯೊಂದರ ಬಗ್ಗೆ ಅವನೊಂದು ಪುಸ್ತಕ ಬರೆದಿದ್ದ. ಒಂದೇ ಪುಸ್ತಕ. ಅದರಿಂದ ಡಾಕ್ಟರೇಟು, ಅದರಿಂದ ಪ್ರೊಫೆಸರಿಕೆ, ಅದರಿಂದಲೇ ನಿಮಗೆ ಹೆಣ್ಣು ಸಿಕ್ಕಿದ್ದು ಎಂದು ಹೆಂಡತಿ ಹಂಗಿಸುತ್ತಿದ್ದಳು. ಹೋದ ತಿಂಗಳು ನಿವೃತ್ತಿಯಾಯಿತು. ಹಾರ ಹಾಕಿದವರು ಮೆಟ್ಟಿಲಿಳಿಯುವುದರೊಳಗೆ ಅವನನ್ನು ಮರೆತರು. ಆಗ ಪ್ರಕಾಶಕರ ಪತ್ರ ಬಂತು. ಹೊಸ ಮುದ್ರಣ, ‘ಆ ಮುಕ್ಕಾಲಿಯನ್ನು ಮತ್ತೆ ಕಂಡಾಗ’ ಎಂದು ನಾಲ್ಕು ಪುಟದ ಮುನ್ನುಡಿ ಬೇಕು.

ಅವನ ಪಾಲಿಗೆ ಉಳಿದದ್ದು ಆ ಮುಕ್ಕಾಲಿ ಒಂದೇ.

ಅದೇ ಮನೆ. ಈಗ ಬಾಗಿಲ ಪಕ್ಕ ಬೋರ್ಡು: ‘ಸತ್ತವರ ಆಸನವಿರುವ ಮನೆ.’ ಒಳಗೆ ಒಲೆ, ಹೊಗೆ ಹಿಡಿದ ತೊಲೆ, ಬೆಂಕಿಯ ಪಕ್ಕ ಗಿಡ್ಡ ಮುಕ್ಕಾಲಿ. ಸುತ್ತ ಕೆಂಪು ಹಗ್ಗ.

ಗೈಡು ಕೈಕಟ್ಟಿ ನಿಂತು ಒಪ್ಪಿಸಿದಳು: “ಈ ಜನರು ಬೆಂಕಿಯ ಬಳಿಯ ಬೆಚ್ಚನೆಯ ಜಾಗವನ್ನು ಸತ್ತವರಿಗೆ ಬಿಟ್ಟುಕೊಟ್ಟು, ತಾವು ನೆಲದ ಮೇಲೆ ಕೂರುತ್ತಾರೆ. ಇಲ್ಲಿ ಇಲ್ಲದವನೇ ಮನೆಯ ಯಜಮಾನ.”

ಅವನದೇ ವಾಕ್ಯ. ಇಪ್ಪತ್ತೇಳನೆಯ ಪುಟ. ಮೈ ಜುಮ್ಮೆಂದಿತು. ಯಾರು ಬರೆದದ್ದು ಎಂದು ಯಾರಾದರೂ ಕೇಳಿಯಾರೆಂದು ಕಾದ.

“ಫ್ಲ್ಯಾಶ್ ಹಾಕಬಹುದಾ?” ಎಂದು ಕೇಳಿದ ಮ್ಯಾನೇಜರು.

ಒಲೆಯ ಆಚೆ ಕೂತಿದ್ದ ಮುದುಕಿ ನಕ್ಕಳು. ಗೈಡಿನ ಅತ್ತೆ. ಮೂವತ್ತು ವರ್ಷದ ಹಿಂದೆ ಅವಳಿಗೂ ಅವನಿಗೂ ನಡುವೆ ಇದ್ದದ್ದು ಬರೀ ಕೈಸನ್ನೆ. ಈಗ ಬಂದುಹೋಗುವವರ ಜೊತೆ ಆಡಿ ಆಡಿ ಪೇಟೆಯ ಮಾತು ಕಲಿತಿದ್ದಳು. ಅವನ ಗುರುತು ಹತ್ತಿದಂತಿರಲಿಲ್ಲ.

“ಗಿಣಿಪಾಠ ಮುಗೀತೇನೇ?”

“ಮುಗೀತತ್ತೆ. ನೀವು ಶುರು ಹಚ್ಕೋಬೇಡಿ.”

“ಹಚ್ಕೊಂಡ್ರೆ ಏನೀಗ? ಬಾಯಿಗಿನ್ನೂ ಹಗ್ಗ ಕಟ್ಟಿಲ್ವಲ್ಲ.” ಅವನ ಕಡೆ ತಿರುಗಿದಳು. “ಸತ್ತೋರಿಗೆ ಯಾಕಪ್ಪಾ ಮುಕ್ಕಾಲಿ? ಅವರಿಗೇನು ಮಂಡಿ ನೋವೇ? ಇದು ನಮ್ಮ ಯಜಮಾನ್ರು ಕೂರ್ತಿದ್ದಿದ್ದು. ಹಿಂದೆ ಒಬ್ಬ ಓದಿದ ಹುಡುಗ ಬಂದ. ದೂರದಿಂದ ನಡ್ಕೊಂಡು ಬರ್ತಿದಾನೆ ಅಂತ ಇವರು ಮೊದಲೇ ಎದ್ದು ಜಾಗ ಬಿಟ್ರು. ಆ ಪುಣ್ಯಾತ್ಮ ಕೂರಲೇ ಇಲ್ಲ. ಹತ್ತು ದಿನ! ಅದಕ್ಕೊಂದು ಕೈ ಮುಗಿಯೋದು, ನೆಲದ ಮೇಲೆ ಕೂತು ಗೀಚೋದು. ಅವನು ಕೂರದೆ ನಾವು ಹೇಗೆ ಕೂರೋದು? ನಮ್ಮಿಂದ ಏನು ತಪ್ಪಾಯ್ತೋ ಅಂತ ಇವರು ಕೊರಗಿದ್ದೇ ಕೊರಗಿದ್ದು.”

“ಅತ್ತೇ, ಸಾಕು.”

“ಆಮೇಲೆ ಪುಸ್ತಕ ಬಂತಂತೆ. ಅದರ ಹಿಂದೆ ಟೂರಿಸ್ಟ್ ಕಂಪನಿಯೋರು ಬಂದ್ರು, ಹಗ್ಗ ಬಂತು. ಕೊನೆಗಾಲದಲ್ಲೂ ಇವರು ನೆಲದ ಮೇಲೇ ಕೂತ್ರು. ಈಗ ಅವರೂ ಸತ್ತೋರೇ ಅಲ್ವಾ, ಈಗಾದ್ರೂ ಕೂರ್ತಾರೋ ಏನೋ.”

“ಅಜ್ಜಿ ಭಾರಿ ತಮಾಷೆ,” ಎಂದಳು ಮ್ಯಾನೇಜರನ ಹೆಂಡತಿ.

ಬಾಗಿಲಿಗೆ ಬಂದವರಿಗೆ ಮೊದಲು ಕೂರಲು ಕೊಡಬೇಕೆಂದು ಅವನ ಅಮ್ಮನಿಗೂ ಗೊತ್ತಿತ್ತು. ಇಲ್ಲಿಯವರಿಗೂ ಗೊತ್ತಿರಬಹುದೆಂದು ಅವನಿಗೆ ಹೊಳೆದಿರಲಿಲ್ಲ. ಅವರು ಮಣೆ ಹಾಕಿ ಕರೆದಿದ್ದರು. ಅವನು ಅದನ್ನು ಗೋರಿ ಎಂದು ಓದಿದ್ದ.

ಅವನು ಬಗ್ಗಿ ಮಂಡಿ ನೀವಿಕೊಂಡ. ಮುದುಕಿಗೆ ಕಂಡಿತು. ಎದ್ದಳು, ಹಗ್ಗದ ಕೊಕ್ಕೆ ಬಿಚ್ಚಿದಳು, ಹೊದ್ದ ಬಟ್ಟೆಯ ಚುಂಗಿನಿಂದ ಮುಕ್ಕಾಲಿಯ ಧೂಳು ಒರೆಸಿದಳು.

“ಕೂತ್ಕೋಪ್ಪಾ. ಆ ಇಳಿಜಾರು ನಂಗೊತ್ತು.”

“ಅಯ್ಯಯ್ಯೋ, ಬೇಡಿ ಸಾರ್!” ಮ್ಯಾನೇಜರು ಕೂಗಿದ. “ಅವರ ನಂಬಿಕೆ ಅದು. ನಾವು ಗೌರವ ಕೊಡ್ಬೇಕು.”

ಗೈಡು ಅವನನ್ನೇ ನೋಡುತ್ತಿದ್ದಳು.

ಆ ಪುಸ್ತಕ ನಂದು. ತಪ್ಪು ಬರೆದೆ. ಐದೇ ಪದ, ನಾಲಿಗೆಯ ತುದಿಗೆ ಬಂದವು. ಹಿಂದೆಯೇ ಮುನ್ನುಡಿಯ ನಾಲ್ಕು ಪುಟವೂ ಬಂತು.

“ಬೇಡಮ್ಮಾ,” ಎಂದ, ಕೈಮುಗಿದು. “ಅದು ಹಿರಿಯರ ಜಾಗ.”

ಒರೆಸುತ್ತಿದ್ದ ಕೈ ನಿಂತಿತು. ಮುದುಕಿ ಆ ಮುಗಿದ ಕೈಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮುಖ ನೋಡಿದಳು. ಬಗ್ಗಿ ಹಗ್ಗ ಸಿಕ್ಕಿಸಿದಳು.

ಹೊರಡುವಾಗ ಮೂಲೆಯಲ್ಲಿದ್ದ ಊರುಗೋಲು ತಂದು ಅವನ ಕೈಗಿಟ್ಟಳು. “ನಮ್ಮ ಯಜಮಾನ್ರದು. ಹತ್ತೋವಾಗ ಬೇಕಾಗುತ್ತೆ. ಇದನ್ನಾದ್ರೂ ಬೇಡ ಅನ್ನಬೇಡ.”

ಅರ್ಧ ಏರಿನಲ್ಲಿ ಎಲ್ಲರೂ ನಿಂತರು. ಮ್ಯಾನೇಜರು ಫೋನು ಚಾಚಿದ. “ನೋಡಿ ಸಾರ್, ಎಷ್ಟು ಚೆನ್ನಾಗಿ ಬಂದಿದೆ.”

ಬೆಂಕಿ, ಹಗ್ಗ, ಹಗ್ಗದೊಳಗೆ ಆಗಷ್ಟೇ ಒರೆಸಿ ಹೊಳೆಯುವ ಮುಕ್ಕಾಲಿ. ಅದರ ಪಕ್ಕ ಎರಡು ಕಾಲು, ಮಂಡಿಯವರೆಗೆ. ಅವನವೇ.

“ಇದ್ಯಾರದು, ಕಾಲು ಅಡ್ಡ ಬಂದಿದೆ,” ಎಂದಳು ಮ್ಯಾನೇಜರನ ಹೆಂಡತಿ. “ತೆಗೆದುಬಿಡಿ.”

ಮ್ಯಾನೇಜರು ಬೆರಳಿಟ್ಟು ಚಿತ್ರದ ಅಂಚನ್ನು ಒಳಗೆ ಎಳೆದ. ಕಾಲುಗಳು ಹೋದವು. ಮುಕ್ಕಾಲಿ ಉಳಿಯಿತು.