ಲ್ಯಾಮಿನೇಷನ್ ಮಾಡಿಸಿದ್ದು ಯಾರು?

ಉಗುರು, ಮೇಡಂ ಅವರ ಕೆಂಪು ಬಣ್ಣದ ಉಗುರು, ಹಾಳೆಯ ಮೂಲೆಯನ್ನು ಕೆರೆಯುತ್ತಿದೆ, ಕರ್ ಕರ್ ಅಂತ ಹೊರಗೆ ಈ ಬೆಂಚಿನವರೆಗೂ ಕೇಳಿಸುತ್ತದೆ, ಯಾಕೆಂದರೆ ಈ ಗಾಜಿನ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಒಂದು ಬೆರಳಿನಷ್ಟು ಸಂದು ಉಳಿದಿದೆ, ಅದರಲ್ಲಿ ಎಸಿ ಗಾಳಿಯೂ ಬರುತ್ತದೆ ಮಾತೂ ಬರುತ್ತದೆ, ಕಟ್ಟಡ ಕಟ್ಟುವುದನ್ನು ಕಲಿಸುವ ಕಾಲೇಜು, ಒಂದು ಬಾಗಿಲು ಸರಿಯಾಗಿ ಕೂರಿಸಲು ಬರಲಿಲ್ಲವಲ್ಲ ಇವರಿಗೆ — ಕೆರೆಯಬೇಡಿ ಮೇಡಂ, ಬಿಡುವುದಿಲ್ಲ ಅದು, ಬಾಲಪ್ಪನ ಕೆಲಸ, ನಮ್ಮ ಹೋಟೆಲಿನ ಮೆನು ಕಾರ್ಡು ಅವನದೇ, ಆರು ವರ್ಷದಿಂದ ಸಾಂಬಾರಿನಲ್ಲಿ ಸ್ನಾನ ಮಾಡುತ್ತಾ ಇದೆ, ಒಂದು ಒದ್ದೆ ಬಟ್ಟೆ ಎಳೆದರೆ ಮುಗಿಯಿತು, ಮದುಮಗನ ಹಾಗೆ ಹೊಳೆಯುತ್ತದೆ — ಆದರೆ ಇದು ಮೆನು ಕಾರ್ಡಲ್ಲ, ಅದು ನನಗೆ ಈಗ ಗೊತ್ತು, ಮೊನ್ನೆ ಮಂಗಳವಾರ ಗೊತ್ತಿರಲಿಲ್ಲ. ಒಳಗೆ ಮೇಜಿನ ಈ ಕಡೆ ನಿಶ್ಮಿತಾಳ ಬೆನ್ನು, ನನ್ನ ಮಗಳ ಸಿಟ್ಟು ಬೆನ್ನಿನಲ್ಲೇ ಕಾಣಿಸುತ್ತದೆ, ಆ ಕಡೆ ಮೇಡಂ, ಪಕ್ಕದಲ್ಲಿ ಒಬ್ಬ ಗಡ್ಡದ ಸರ್, ನಡುವೆ ಅವಳು ಒಂದು ವರ್ಷ ಕೂತು ಬಿಡಿಸಿದ ಹದಿನಾಲ್ಕು ಚಿತ್ರಗಳಲ್ಲಿ ಉಳಿದ ಹದಿಮೂರು, ಪೋರ್ಟ್‌ಫೋಲಿಯೋ ಅನ್ನುತ್ತಾರೆ ಅದಕ್ಕೆ, ಆರ್ಕಿಟೆಕ್ಚರಿನ ನಾಟಾ ಪರೀಕ್ಷೆಯ ಅಂಕ ಬಂದದ್ದು ಬಂದಾಯಿತು, ಎರಡು ಕಾಲೇಜಿನವರು ಆಗುವುದಿಲ್ಲ ಅಂದಾಯಿತು, ಉಳಿದಿರುವುದು ಇದೊಂದೇ, ಇಲ್ಲಿ ಚಿತ್ರ ನೋಡಿಯೇ ಸೀಟು, ಮತ್ತು ಆ ಚಿತ್ರಗಳನ್ನು ನಾನು, ಜಯಶೀಲ ಶೆಟ್ಟಿ, ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಶುದ್ಧ ಶಾಕಾಹಾರಿ ಹೋಟೆಲು ನಡೆಸುವವನು, ಯಾರೂ ಕೇಳದೆ, ಯಾರನ್ನೂ ಕೇಳದೆ, ಲ್ಯಾಮಿನೇಷನ್ ಮಾಡಿಸಿದೆ.

ನನ್ನ ತಪ್ಪು ಏನು ಅಂತ ಯಾರಾದರೂ ಹೇಳಿ, ಹೋಟೆಲಿನವನಿಗೆ ಕಾಗದ ಅಂದರೆ ಭಯ, ಕಾಗದದ ಮೇಲೆ ಎಣ್ಣೆ ಬೀಳುತ್ತದೆ, ಚಟ್ನಿ ಬೀಳುತ್ತದೆ, ಜೂನ್ ಬಂದರೆ ಮಳೆ ಬೀಳುತ್ತದೆ, ಮುನ್ಸಿಪಾಲಿಟಿ ಲೈಸೆನ್ಸು ಲ್ಯಾಮಿನೇಷನ್, ಕೃಷ್ಣನ ಫೋಟೋ ಲ್ಯಾಮಿನೇಷನ್, ಉಧಾರಿ ಇಲ್ಲ, ಸಾಲ ಕೇಳಬೇಡಿ ಅನ್ನುವ ಬೋರ್ಡು ಲ್ಯಾಮಿನೇಷನ್, ಇವಳ ಹತ್ತನೆಯ ಮಾರ್ಕ್ಸ್ ಕಾರ್ಡು ಕೂಡ, ಅದಕ್ಕೂ ಆವತ್ತು ಬೈಸಿಕೊಂಡಿದ್ದೆ, ಬುದ್ಧಿ ಬರಲಿಲ್ಲ. ಮಂಗಳವಾರ ತಾಯಿ ಮಗಳು ಟಿಟ್ವಾಳಾ ಗಣಪತಿಗೆ ಹೋದರು, ಸೀಟು ಸಿಗಲಿ ಅಂತ ಕೈ ಮುಗಿಯಲು, ಅವರು ಅಲ್ಲಿ ಕೈ ಮುಗಿಯುವ ಹೊತ್ತಿಗೆ ಸರಿಯಾಗಿ ನಾನಿಲ್ಲಿ ಹಾಳೆಗಳನ್ನು ಸುರುಳಿ ಸುತ್ತಿ ಬಾಲಪ್ಪನ ಅಂಗಡಿಗೆ, ಒಂದು ಸರ್ಪ್ರೈಸು ಅಂತ, ಮಗಳು ಬಂದು ಪಪ್ಪಾ ಅಂತ ತಬ್ಬಿಕೊಳ್ಳುತ್ತಾಳೆ ಅಂತ. ಫ್ಯಾಕ್ಟರಿಯವರ ನಕ್ಷೆ ಹಾಕುವ ದೊಡ್ಡ ಮಿಷನ್ ಐತ್ರಿ ಶೆಟ್ರ, ಹಾಕಿಬಿಡ್ತೀನಿ, ನೂರು ವರ್ಸ ಏನೂ ಆಗಂಗಿಲ್ಲ, ಬೇಕಾದ್ರ ಮ್ಯಾಲ ಚಾ ಚೆಲ್ರಿ. ಒಂದೊಂದೇ ಹಾಳೆ ಒಳಗೆ ಹೋಗುತ್ತದೆ, ಬಿಸಿಬಿಸಿಯಾಗಿ ಹೊರಗೆ ಬರುತ್ತದೆ, ದೋಸೆಯ ಹಾಗೆ, ನಾನು ಅಂಚು ಹಿಡಿದು ಎಳೆದುಕೊಳ್ಳುತ್ತೇನೆ, ಏನು ಖುಷಿ, ಒಂಬತ್ತನೆಯದು ಕಲ್ಯಾಣ ಊರಿನ ಖಾಡಿ, ಸಮುದ್ರದ ಹಿನ್ನೀರು, ಸಂಜೆ ಹೊತ್ತಿನದು, ಮೇಣದ ಬಣ್ಣದಲ್ಲಿ ಬಿಡಿಸಿದ್ದು, ಒಳಗೆ ಹೋಗುವಾಗ ಸೂರ್ಯ ಗುಂಡಗಿದ್ದ, ಹೊರಗೆ ಬರುವಾಗ ಕರಗಿ ಹರಿದು ನೀರು ಯಾವುದು ಆಕಾಶ ಯಾವುದು ಗೊತ್ತಾಗದೆ ಇಡೀ ಹಾಳೆ ಕೇಸರಿಬಾತು. ಬಾಲಪ್ಪ ಹಾಳೆಯನ್ನು ತಲೆಕೆಳಗು ಮಾಡಿ ನೋಡಿ ಅಂದ, ಈಗ ಇನ್ನೂ ಚಂದ ಕಾಣ್ತೈತ್ರಿ. ನಾನು ನಂಬಿದೆ! ಉಳಿದ ಐದನ್ನೂ ಕೊಟ್ಟೆ!

ಅವಳು ಅಳಲಿಲ್ಲ, ಅತ್ತಿದ್ದರೆ ಒಳ್ಳೆಯದಿತ್ತು, ಡೊಂಬಿವಲಿಯ ಮನೆಯ ಹಾಲಿನಲ್ಲಿ ಪ್ರಸಾದದ ಪೊಟ್ಟಣ ಕೈಯಲ್ಲಿ ಹಿಡಿದೇ ನಿಂತಳು, ಪಪ್ಪಾ, ಯೇ ಕ್ಯಾ ಕಿಯಾ ಆಪ್‌ನೇ, ಏನು ಮಾಡಿಬಿಟ್ಟಿರಿ ಇದು, ನಾನು ದಡ್ಡ, ನಗುತ್ತಿದ್ದೇನೆ, ಇನ್ನು ನೀರು ಬಿದ್ದರೂ ಹೆದರಿಕೆ ಇಲ್ಲ ಮಗಾ ಅನ್ನುತ್ತಿದ್ದೇನೆ, ಜಯಲತಾ ಅಡಿಗೆಮನೆಯಿಂದ ಬಂದು ನೋಡಿ ತುಳುವಿನಲ್ಲಿ, ಮರ್ಲಾ ಈರೆಗ್, ಹುಚ್ಚಾ ನಿಮಗೆ, ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಇಷ್ಟು ನಿಜವಾದ ಪ್ರಶ್ನೆಯನ್ನು ಅವಳು ಕೇಳಿರಲಿಲ್ಲ. ಬ್ಲೇಡು ತಂದು ಒಂದು ಹಾಳೆ ಬಿಡಿಸಲು ನೋಡಿದಳು ಮಗಳು, ಪ್ಲಾಸ್ಟಿಕ್ಕಿನ ಜೊತೆ ಇದ್ದಿಲಿನ ಗೆರೆಗಳೆಲ್ಲ ಎದ್ದು ಬಂದವು, ಕೆಳಗೆ ಬರೀ ಬಿಳಿ ಕಾಗದ, ಆಗ ಬ್ಲೇಡು ಕೆಳಗಿಟ್ಟು ಕೋಣೆಗೆ ಹೋದಳು, ಎರಡು ದಿನ ನನ್ನೊಡನೆ ಮಾತಿಲ್ಲ. ಹದಿಮೂರು ಹಾಳೆ, ಮಡಚುವ ಹಾಗಿಲ್ಲ, ಸುತ್ತುವ ಹಾಗಿಲ್ಲ, ಇವತ್ತು ಬೆಳಿಗ್ಗೆ ಅವಳು ಲೋಕಲ್ ರೈಲಿನ ಲೇಡೀಸ್ ಡಬ್ಬಿಗೆ ಹತ್ತಿದಳು, ಕಟ್ಟು ಹಿಡಿದು ನಾನು ಜನರಲ್ ಡಬ್ಬಿಗೆ, ಕಟ್ಟಿನ ಮೂಲೆ ಒಬ್ಬರ ಹೊಟ್ಟೆಗೆ, ಇನ್ನೊಂದು ಮೂಲೆ ಮತ್ತೊಬ್ಬರ ಕಂಕುಳಿಗೆ, ಓ ಅಂಕಲ್, ಖಿಡ್ಕೀ ಲೇಕೆ ಜಾ ರಹೇ ಹೋ ಕ್ಯಾ, ಇಡೀ ಡಬ್ಬಿ ನಕ್ಕಿತು, ಹೌದಪ್ಪ, ಮಗಳ ಭವಿಷ್ಯದ ಕಿಟಕಿ, ಮುಚ್ಚಿ ಸೀಲ್ ಮಾಡಿ ಒಯ್ಯುತ್ತಿದ್ದೇನೆ ಅನ್ನೋಣವೆಂದಿದ್ದೆ, ಸಾರಿ ಸಾರಿ ಅಂದೆ. ಠಾಣೆಯಲ್ಲಿ ಗಾಡಿ ಬದಲಿಸಿದೆವು, ಆ ಗಾಡಿಯಲ್ಲಿ ಒಟ್ಟಿಗೆ ನಿಂತೆವು, ರಬಾಳೆ ಸ್ಟೇಷನ್ ದಾಟಿದ ಮೇಲೆ ಒಂದೇ ಒಂದು ಮಾತು ಆಡಿದಳು, ಅಂದರ್ ಮತ್ ಆನಾ, ಪಪ್ಪಾ. ಒಳಗೆ ಬರಲಿಲ್ಲ ಮಗಾ, ಇಲ್ಲೇ ಬೆಂಚಿನ ಮೇಲೆ ಇದ್ದೇನೆ, ಒಳಗೆ ಬಂದರೆ ಆ ಸರ್‌ನ ಗಡ್ಡಕ್ಕೂ ಲ್ಯಾಮಿನೇಷನ್ ಮಾಡಿಸುವ ಆಸಾಮಿ ನಾನು.

ಸರ್ ಹಾಳೆಯನ್ನು ಎತ್ತಿ ಹೀಗೆ ಹಿಡಿಯುತ್ತಾರೆ, ಹಾಗೆ ಹಿಡಿಯುತ್ತಾರೆ, ಟ್ಯೂಬ್‌ಲೈಟು ಅದರಲ್ಲಿ ಕೂತುಬಿಟ್ಟಿದೆ, ಚಿತ್ರ ಕಾಣುವುದಿಲ್ಲ, ಅವರ ಮುಖವೇ ಅವರಿಗೆ ಕಾಣುತ್ತದೆ, ಅಯ್ಯೋ, ಕೂದಲು ಸರಿಮಾಡಿಕೊಂಡರು. ಮೇಡಂ ಮರಾಠಿಯಲ್ಲಿ ಕೇಳುತ್ತಾರೆ, ಹೇ ಲ್ಯಾಮಿನೇಟ್ ಕೋಣಿ ಕೇಲಂ, ಯಾರು ಮಾಡಿದ್ದು ಇದನ್ನು, — ಹೇಳು, ಹೇಳಿಬಿಡು, ನಮ್ಮಪ್ಪ ಅಂತ ಹೇಳು, ಹೋಟೆಲಿನವನು, ಪೆದ್ದ, ಏನೂ ಗೊತ್ತಿಲ್ಲ ಅಂತ ಹೇಳು, ಪಾಪ ಅಂತಾದರೂ ನಾಲ್ಕು ಅಂಕ ಹಾಕುತ್ತಾರೆ — ಅವಳ ಬೆನ್ನು ನೆಟ್ಟಗಾಯಿತು, ಮೀಚ್ ಕೇಲಂ, ನಾನೇ ಮಾಡಿದ್ದು. ಸುಳ್ಳು! ನಾನು ಬೆಂಚಿನಿಂದ ಅರ್ಧ ಎದ್ದೆ, ಮತ್ತೆ ಕೂತೆ, ಅಂದರ್ ಮತ್ ಆನಾ, ಎರಡು ದಿನ ನನ್ನ ಮುಖ ನೋಡದ ಹುಡುಗಿ ಅಲ್ಲಿ ಕೂತು ನನ್ನ ಮಾನ ಕಾಯುತ್ತಿದ್ದಾಳೆ, ನನಗೆ ಅಳು ಬರುತ್ತಿದೆ, ಪಕ್ಕದಲ್ಲಿ ಕೂತ ಇನ್ನೊಂದು ಮಗುವಿನ ತಾಯಿ ನೋಡುತ್ತಾರೆ, ಕೆಮ್ಮಿದೆ. ಲ್ಯಾಮಿನೇಷನ್ ಆಗದ್ದು ಏನಾದರೂ ಇದೆಯಾ ನಿನ್ನ ಹತ್ತಿರ, ಕೇಳಿದ್ದು ಗಡ್ಡದ ಸರ್. ಇಲ್ಲ ಸರ್, ಎಲ್ಲಿಂದ ಬರಬೇಕು, ಸಿಕ್ಕಿದ್ದನ್ನೆಲ್ಲ ಒಯ್ದಿದ್ದೆನಲ್ಲ ನಾನು — ಆದರೆ ಅವಳು ಬ್ಯಾಗಿಗೆ ಕೈ ಹಾಕಿದಳು, ಒಂದು ಸುರುಳಿ ತೆಗೆದಳು, ಎಣ್ಣೆ ಕುಡಿದಂಥ ತೆಳು ಕಾಗದ, ನಾನು ನೋಡೇ ಇಲ್ಲ ಇದನ್ನು, ರಫ್ ಹೈ ಸರ್, ಪೂರಾ ನಹೀಂ ಹುವಾ, ಇನ್ನೂ ಮುಗಿದಿಲ್ಲ ಅಂದಳು, ಸರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು.

ನಮ್ಮ ಹೋಟೆಲು. ಮೇಲಿನ ಸ್ಲ್ಯಾಬು ಕಿತ್ತು ಆಕಾಶದಿಂದ ಬಗ್ಗಿ ನೋಡಿದ ಹಾಗೆ, ಇದು ನಾನು ದುಡ್ಡು ಎಣಿಸುವ ಗಲ್ಲ, ಇದು ನಡುವಿನ ಕಂಬ, ಇದು ದೋಸೆಯ ಕಾವಲಿ, ಎಂಟು ಮೇಜು, ಮೂಲೆಯಲ್ಲಿ ಕೈ ತೊಳೆಯುವ ಬೇಸಿನ್ನು, ಎಲ್ಲ ಅಳತೆ ಸರಿ, ಅದರ ಮೇಲೆ ಪೆನ್ಸಿಲಿನಲ್ಲಿ ಒಂದೇ ಗೆರೆ, ಎತ್ತದೆ ಎಳೆದದ್ದು, ಸುತ್ತಿ ಸುತ್ತಿ ಶ್ಯಾವಿಗೆಯ ಮುದ್ದೆ. ಒಬ್ಬ ಮನುಷ್ಯ ಬೆಳಿಗ್ಗೆ ಶಟರ್ ತೆಗೆದಾಗಿನಿಂದ ಮುಚ್ಚುವವರೆಗೆ ನಡೆದ ದಾರಿ ಸರ್, ದೀಪಾವಳಿ ರಜೆಯಲ್ಲಿ ಒಂದು ದಿನ ಪೂರ್ತಿ ಕೂತು ನೋಡಿ ಎಳೆದೆ, ಅಂದಳು. ಮೇಡಂ ಉಗುರು ಬಿಟ್ಟು ಬೆರಳಿಟ್ಟರು ಈಗ, ಗಲ್ಲದಿಂದ ಅಡಿಗೆಮನೆ, ಸರಿ, ಅಡಿಗೆಮನೆಯಿಂದ ಮೇಜು, ಸರಿ, ಆದರೆ ಇಲ್ಲಿ, ಬೇಸಿನ್ನಿನ ಪಕ್ಕದ ಈ ಮೇಜಿಗೆ ಯಾಕೆ ಇಷ್ಟು ಸಲ ಹೋಗಿ ಬರುತ್ತಾನೆ, ಅಲ್ಲಿ ಗಿರಾಕಿಗಳೇ ಇಲ್ಲವಲ್ಲ. ತೇಯೀಸ್ ಬಾರ್, ಮ್ಯಾಮ್, ಇಪ್ಪತ್ಮೂರು ಸಲ. ನಲ್ಲಿ, ನಲ್ಲಿ ಸೋರುತ್ತದೆ ಮೇಡಂ, ತಿರುಗಿಸಿ ಬರಲು ಹೋಗುತ್ತೇನೆ, ಗಿರಾಕಿಗಳು ಸರಿಯಾಗಿ ನಿಲ್ಲಿಸುವುದಿಲ್ಲ, ಹೇಳು ಮಗಾ, ನಲ್ಲಿ ಅಂತ ಹೇಳು. ವಹಾಂ ಮೈ ಬೈಠೀ ಥೀ, ಅಲ್ಲಿ ನಾನು ಕೂತಿದ್ದೆ, ಅಂದಳು. ಅಲ್ಲ, ನಲ್ಲಿಗೇ ಹೋಗುತ್ತಿದ್ದದ್ದು, ನಲ್ಲಿಯ ವಾಷರು — ಆದರೆ ನಲ್ಲಿ ಹೊಸದು ಹಾಕಿಸಿ ಎರಡು ವರ್ಷವಾಯಿತಲ್ಲ, ಸೋರುವುದಿಲ್ಲವಲ್ಲ ಅದು, ಮತ್ತೆ ಯಾಕೆ ಹೋದೆ, ಇಪ್ಪತ್ಮೂರು ಸಲ, ಗಲ್ಲದಿಂದ ಎದ್ದು, ಮೇಡಂ ಅವರ ಬೆರಳು ಗೆರೆಯ ಮೇಲೆ ಹೋಗುತ್ತಿದೆ, ಗಲ್ಲದಿಂದ ಆ ಮೂಲೆಗೆ, ಮೂಲೆಯಿಂದ ಗಲ್ಲಕ್ಕೆ, ಮತ್ತೆ ಎದ್ದು ಆ ಮೂಲೆಗೆ, ಪೆನ್ಸಿಲು ಅಲ್ಲಿ ಹೋಗಿ ಹೋಗಿ ಕಾಗದ ಹೊಳೆಯುವಷ್ಟು ಕಪ್ಪಾಗಿದೆ, ಮತ್ತೆ ಆ ಮೂಲೆಗೆ,