ಬಿರುಸು ಕೈ

ಹೂಲಿಯ ಸಿದ್ದಲಿಂಗವ್ವನ ಮನೆಯಲ್ಲಿ ಅಂದು ಮಗಳು ಮೀನಾಳ ಕುಬಸ. ಏಳು ತಿಂಗಳ ಬಸುರಿಗೆ ಹಸಿರು ಬಳೆ ಇಡಲು ಬೈಲಹೊಂಗಲದಿಂದ ಬಳೆಗಾರ್ತಿ ಜೀನತ್ ಬರಬೇಕಿತ್ತು. ಮುಂಜಾನೆಯ ಬಸ್ಸಿಗೆ ಮಗಳು ಫರೀನ್‌ಳನ್ನೂ ಕರೆದುಕೊಂಡು ಬಂದಳು. ಕಾಲೇಜಿಗೆ ರಜೆ ಇದ್ದ ದಿನ ಬಳೆಯ ಗಂಟು ಹೊರುವುದು ಆ ಹುಡುಗಿಯೇ.

ನಾಲ್ಕು ದಿನದ ಹಿಂದೆ ಜೀನತ್ ಅಣ್ಣನೊಡನೆ ಧಾರವಾಡಕ್ಕೆ ಹೋಗಿ ಬಂದಿದ್ದಳು. ಅಣ್ಣ ಸಾಜಿದ್ ಸವದತ್ತಿಯಲ್ಲಿ ಟೆಂಪೊ ಓಡಿಸಿಕೊಂಡಿದ್ದವನು. ಒಂದು ವರ್ಷದಿಂದ ಕೈಕಾಲು ಅವನ ಮಾತು ಕೇಳುತ್ತಿರಲಿಲ್ಲ. ಕುಳಿತಲ್ಲೇ ಹೆಗಲು ಜಿಗಿಯುತ್ತಿತ್ತು, ಸಣ್ಣ ಮಾತಿಗೂ ಸಿಟ್ಟು ಬರುತ್ತಿತ್ತು. ಡಾಕ್ಟರು ರಕ್ತದ ವರದಿ ನೋಡಿ ಕಾಯಿಲೆಯ ಹೆಸರು ಹೇಳಿದರು: ಹಂಟಿಂಗ್ಟನ್. ಮಿದುಳು ಒಳಗೊಳಗೇ ಮೆಲ್ಲಗೆ ಸವೆಯುತ್ತ ಹೋಗುವ ಕಾಯಿಲೆ. ನಿಮ್ಮ ಅಪ್ಪನಿಗೂ ಇದೇ ಇದ್ದಿರಬೇಕು, ಹಾಗಿದ್ದರೆ ಒಂದೊಂದು ಮಗುವಿಗೂ ಬರುವುದು ಬಿಡುವುದು ಅರ್ಧಕ್ಕರ್ಧ ಎಂದರು. ಬಾರದೆ ಉಳಿದವರ ಮಕ್ಕಳಿಗೆ ಭಯವಿಲ್ಲ.

“ನೀವೂ ಬೇಕಾದ್ರ ರಕ್ತ ತೋರಿಸಬಹುದು. ಒತ್ತಾಯ ಇಲ್ಲ. ವಿಚಾರ ಮಾಡ್ರಿ” ಎಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟರು.

ಜೀನತ್ ವಿಚಾರ ಮಾಡಲಿಲ್ಲ. “ನನ್ನ ಕೈ ನೋಡ್ರಿ ಸರ್. ದಿನಾ ಗಾಜಿನ ಬಳಿ ಇಡತೇನಿ. ಈ ಕೈಯಾಗ ಆ ರೋಗ ಇದ್ರ ಬಳಿ ಉಳೀತಿದ್ದೂವೇನು?”

ಮನೆಗೆ ಬಂದು ಚೀಟಿಯನ್ನು ಕಿಟಕಿಯ ಕಟ್ಟೆಯ ಮೇಲೆ ಎಸೆದು ಫರೀನ್‌ಗೂ ಅದನ್ನೇ ಹೇಳಿದಳು. “ನಿಮ್ಮ ಮಾಮೂಗ ಬಂತು, ನನಗ ಬಂದಿಲ್ಲ. ನನಗ ಇಲ್ಲಂದ್ರ ನಿನಗೂ ಇಲ್ಲ. ಸುಮ್ನ ಓದು.” ಹುಡುಗಿ ತಾಯಿಯ ಕೈಯನ್ನೇ ನೋಡುತ್ತ ತಲೆಯಾಡಿಸಿದ್ದಳು.

ಕುಬಸದ ಮನೆಯಲ್ಲಿ ಸಿದ್ದಲಿಂಗವ್ವ ಮೊದಲು ಚಹಾ ತಂದಳು. ದೊಡ್ಡ ಸ್ಟೀಲಿನ ಗ್ಲಾಸು, ಅದರಲ್ಲಿ ಅರ್ಧ ಚಹಾ.

“ಸಕ್ಕರಿ ತುಟ್ಟಿ ಆಗೇತೇನ್ರಿ ಅಮ್ಮಾರ? ಯಾವಾಗ್ಲೂ ಅರ್ಧನ ಕೊಡತೀರಿ.”

“ಅರ್ಧ ಕುಡಿ, ಮತ್ತರ್ಧ ಹಾಕತೇನಿ. ಬಿಸಿ ಇರತೈತಿ.”

“ಬಳಿಗಾರ್ತಿಗೆ ಅರ್ಧ ಚಾ, ನಮಗ ಅದೂ ಇಲ್ಲ” ಎಂದಳು ಪಕ್ಕದ ಮನೆಯ ಬೀರಪ್ಪನ ಹೆಂಡತಿ. ಹೆಂಗಸರು ನಕ್ಕರು.

ಮೀನಾ ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಕೈ ಕೊಟ್ಟಳು. ಗಂಡನ ಮನೆ ರಾಮದುರ್ಗದಿಂದ ನಿನ್ನೆಯಷ್ಟೇ ಬಂದಿದ್ದಳು. ಜೀನತ್ ಆ ಅಂಗೈಯನ್ನು ನೀವಿ, ಬೆರಳುಗಳನ್ನು ಕೂಡಿಸಿ, ಹೆಬ್ಬೆರಳನ್ನು ಒಳಗೆ ಮಡಚಿ ಬಳೆ ಏರಿಸಿದಳು. ನಾಲ್ಕು ಬಳೆ ಸರಾಗವಾಗಿ ಏರಿದವು. ಐದನೆಯದು ಟಕ್ಕನೆ ಒಡೆಯಿತು.

“ಕೈ ಬಿರುಸು ಮಾಡಬ್ಯಾಡ ತಂಗಿ, ಸಡಲ ಬಿಡು.”

ಇನ್ನೊಂದು ಬಳೆ ತೆಗೆದಳು. ಅದೂ ಒಡೆಯಿತು. ಮೀನಾಳ ಗೆಣ್ಣಿನ ಮೇಲೆ ರಕ್ತದ ಹನಿ ಮೂಡಿತು.

“ನಾ ಅಳ್ಳಾಡೇ ಇಲ್ಲ ಜೀನತಕ್ಕ” ಎಂದಳು ಮೀನಾ. “ನಿನ್ನ ಕೈ ಜಿಗೀತು.”

“ಏ, ಸುಮ್ನ ಕುಂಡ್ರ” ಎಂದಳು ಸಿದ್ದಲಿಂಗವ್ವ ಅವಸರದಿಂದ. “ನಿಂದೂ ಕೈ ಬಿರುಸು, ನನ್ನಂಗ.”

“ಯವ್ವಾ, ರಾಮದುರ್ಗದಾಗ ಐದು ವರ್ಷ ಇಡಿಸ್ಕೊಂಡೇನಿ. ಒಂದೂ ಒಡದಿಲ್ಲ. ಬೇಕಾದ್ರ ನೋಡು, ಕೈ ಹೆಂಗ ಬೆಣ್ಣಿ ಇದ್ದಂಗ ಐತಿ.”

ಯಾರೂ ನಗಲಿಲ್ಲ. ಬೀರಪ್ಪನ ಹೆಂಡತಿ ಬಾಗಿ ಗಾಜಿನ ಚೂರುಗಳನ್ನು ಸೆರಗಿಗೆ ಆಯ್ದುಕೊಳ್ಳತೊಡಗಿದಳು. ಆ ಅವಸರ, ಆ ತಗ್ಗಿಸಿದ ಮುಖ ಜೀನತ್‌ಳ ಕಣ್ಣಿಗೆ ಬಿತ್ತು.

“ಅಮ್ಮಾರ, ಪಂಚಮಿಗೆ ನಿಮ್ಮ ಕೈಯಾಗ ಮೂರು ಒಡದೂವು. ಕೈ ಎಳಕೊಂಡೆ ಅಂದಿದ್ರಿ.”

ಸಿದ್ದಲಿಂಗವ್ವ ಸೆರಗು ಸರಿಮಾಡಿಕೊಂಡಳು.

“ಎಳಕೊಂಡಿದ್ರೋ ಇಲ್ಲೋ?”

“ಇಲ್ಲವ್ವ.”

“ನಾನೂ ಎಳಕೊಂಡಿರಲಿಲ್ಲ” ಎಂದಳು ಬೀರಪ್ಪನ ಹೆಂಡತಿ, ತಲೆ ಎತ್ತದೆ.

ಸಿದ್ದಲಿಂಗವ್ವ ಹತ್ತಿರ ಬಂದು ಕುಳಿತಳು. “ನಿಮ್ಮಪ್ಪ ಅಲ್ಲಾವುದ್ದೀನನ ಕೈಯಾಗ ಬಳಿ ಹಿಂಗ ಒಡ್ಯಾಕ ಹತ್ತಿದಾಗ, ಕುಡದು ಬರತಾನ ಅಂತ ಆಡಿಕೊಂಡ್ವಿ. ಆ ಮನಷ್ಯಾ ಒಂದು ಹನಿ ಮುಟ್ಟಿದಾಂವ ಅಲ್ಲ. ಒಂದು ಮದಿವ್ಯಾಗ ಅಪಶಕುನ ಅಂತ ಬ್ಯಾರೆ ಬಳಿಗಾರನ್ನ ಕರಸಿದ್ವಿ. ನಿಮ್ಮಪ್ಪ ಗಂಟು ಕಟ್ಟಿಕೊಂಡು ಹೋದಾಂವ, ತಿರಗಿ ಈ ಓಣಿಗೆ ಬರಲೇ ಇಲ್ಲ. ಆಮ್ಯಾಲ ನಿನ್ನ ಕೈಯಾಗೂ ಸುರು ಆತು. ಹೆಂಗಸರು ಕೂಡಿ ಮಾತಾಡಿಕೊಂಡ್ವಿ, ಈಕಿಗೆ ಹಂಗ ಮಾಡೂದು ಬ್ಯಾಡ ಅಂತ. ಯಾರ ಕೈಯಾಗ ಒಡದ್ರೂ ನಂದ ಕೈ ಬಿರುಸು ಅನ್ನೂದು.”

“ಎಷ್ಟು ದಿನಾತು?”

“ಎರಡು ವರ್ಷ ಆತೇನೋ. ಯಾಕ ಹಿಂಗ ಆಗತೈತಿ ಅಂತ ನಮಗ ಗೊತ್ತಿಲ್ಲವ್ವ. ನಿಶ್ಶಕ್ತಿ ಅಂದ್ಕೊಂಡಿದ್ವಿ.”

ಜೀನತ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಂದು ಇಲ್ಲಿ ಎರಡು, ಪಂಚಮಿಗೆ ಮೂರು, ಬೈಲಹೊಂಗಲದ ಓಣಿಯಲ್ಲಿ ನಾಲ್ಕು, ಮೊನ್ನೆ ಕಿತ್ತೂರಿನ ಮಾಸ್ತರರ ಮನೆಯಲ್ಲಿ ಮೂರು. ಎಲ್ಲ ಕಡೆಯೂ ಹೆಂಗಸರು ನಕ್ಕು, ತಮ್ಮ ಕೈಯನ್ನೇ ಬೈದುಕೊಂಡಿದ್ದರು. ಒಂದೊಂದು ಮನೆಯಲ್ಲಿ ಒಡೆದದ್ದನ್ನು ಅವಳು ಅಲ್ಲಲ್ಲೇ ಮರೆತಿದ್ದಳು, ಒಟ್ಟು ಕೂಡಿಸಿರಲಿಲ್ಲ. ಡಾಕ್ಟರ ಮುಂದೆ ಚಾಚಿ ತೋರಿಸಿದ್ದು ಇದೇ ಕೈ.

ತೊಡೆಯ ಮೇಲಿದ್ದ ಬಲಗೈಯನ್ನು ನೋಡಿದಳು. ಕಿರುಬೆರಳು, ಅನ್ನ ಕುದಿಯುವ ಬೋಗುಣಿಯ ಮುಚ್ಚಳ ಕುಣಿದ ಹಾಗೆ, ತನ್ನಷ್ಟಕ್ಕೆ ತಾನೇ ಎದ್ದು ಬಿತ್ತು. ಅವಳು ಅದನ್ನು ಎತ್ತಿರಲಿಲ್ಲ. ಅದು ಮತ್ತೆ ಎದ್ದಿತು.

“ತಪ್ಪು ಮಾಡಿದೆನೇನ ಅಕ್ಕಾ?” ಎಂದಳು ಮೀನಾ. ಚಾಚಿದ ಕೈಯನ್ನು ಇನ್ನೂ ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. “ಇಡು ನೀ. ಒಡದ್ರ ಒಡೀಲಿ.”

“ಫರೀನ್” ಎಂದಳು ಜೀನತ್. “ನೀ ಇಡು.”

ಹುಡುಗಿ ತಾಯಿಯ ಜಾಗದಲ್ಲಿ ಬಂದು ಕುಳಿತಳು. ಗೆಣ್ಣಿನ ರಕ್ತ ಒರೆಸಿ, ಹೆಬ್ಬೆರಳನ್ನು ಮಡಚಿ, ಒಂದೊಂದೇ ಬಳೆ ಏರಿಸಿದಳು. ಎರಡೂ ಕೈ ತುಂಬಿದವು. ಒಂದೂ ಒಡೆಯಲಿಲ್ಲ. ಹಿಂದಿನ ವಾರವಾಗಿದ್ದರೆ ಜೀನತ್ ಹೆಮ್ಮೆಯಿಂದ ಅಕ್ಕಪಕ್ಕದವರ ಮುಖ ನೋಡುತ್ತಿದ್ದಳು. ಈಗ ಮಗಳ ಬೆರಳುಗಳಿಂದ ಕಣ್ಣು ಕೀಳಲಾಗಲಿಲ್ಲ. ಹತ್ತೊಂಬತ್ತು ವರ್ಷಕ್ಕೆ ತನ್ನ ಕೈಯೂ ಹೀಗೇ ಇತ್ತು.

ಸಿದ್ದಲಿಂಗವ್ವ ಉಳಿದರ್ಧ ಚಹಾ ತಂದಳು. ಆಗ ಜೀನತ್‌ಗೆ ಆ ದೊಡ್ಡ ಗ್ಲಾಸಿನ, ಅರ್ಧ ಚಹಾದ ಅರ್ಥವೂ ತಿಳಿಯಿತು.

“ತುಂಬ ಹಾಕ್ರಿ ಅಮ್ಮಾರ.”

“ಬ್ಯಾಡವ್ವ.”

“ಹಾಕ್ರಿ.”

ಸಿದ್ದಲಿಂಗವ್ವ ಹಾಕಿದಳು. ಜೀನತ್ ಗ್ಲಾಸನ್ನು ನೆಲದಿಂದ ಒಂದು ಗೇಣು ಎತ್ತಿದ್ದಳೋ ಇಲ್ಲವೋ, ಚಹಾ ಅಂಚು ದಾಟಿ ಮಣಿಕಟ್ಟಿನ ಮೇಲೆ ಹರಿದು ಸೀರೆಗೆ ಇಳಿಯಿತು. ಸಿದ್ದಲಿಂಗವ್ವ ತನ್ನ ಸೆರಗಿನಿಂದ ಆ ಕೈಯನ್ನು ಒರೆಸಿದಳು, ಒರೆಸಿದ ಮೇಲೂ ಬಿಡಲಿಲ್ಲ.

“ಫರೀನ್, ಆ ಡಾಕ್ಟರ ಚೀಟಿ ಕಿಟಕ್ಯಾಗ ಒಗದಿದ್ದೆ” ಎಂದಳು ಜೀನತ್. “ಮನಿಗೆ ಹೋದ ಮ್ಯಾಲ ಹುಡುಕೂಣು.”

“ಅದು ಅಲ್ಲಿಲ್ಲಮ್ಮಾ.”

ಫರೀನ್ ತನ್ನ ಮೊಬೈಲಿನ ಕವರು ಬಿಚ್ಚಿ, ಒಳಗಿನಿಂದ ಆ ಚೀಟಿಯನ್ನು ತೆಗೆದು ತಾಯಿಯ ತೊಡೆಯ ಮೇಲಿಟ್ಟಳು. ನಾಲ್ಕೇ ದಿನದ ಹೊಸ ಕಾಗದ. ಬಿಚ್ಚಿ ಮಡಚಿ, ಬಿಚ್ಚಿ ಮಡಚಿ, ಮಡಿಕೆಯ ಗುಂಟ ಹರಿದಿತ್ತು.