ನಲವತ್ತೊಂದನೆಯ ಪುಟ

ನಾನು ಒಂದು ಸಭಾ ನಡವಳಿ ಪುಸ್ತಕ. ಕೆಂಪು ರಟ್ಟು, ಬೆನ್ನಿಗೆ ಕಪ್ಪು ಬಟ್ಟೆ, ತೊಂಬತ್ತಾರು ಪುಟ. ಬೈಂಡಿಂಗ್ ಅಂಗಡಿಯಲ್ಲಿ ಒಬ್ಬ ಹುಡುಗಿ ನನ್ನ ಹಾಳೆಗಳನ್ನು ಮಡಚಿ, ಹೊಲಿದು, ಅಂಟು ಹಚ್ಚಿ, ಕಲ್ಲಿನ ಭಾರದ ಕೆಳಗೆ ಒಣಗಲು ಇಟ್ಟಳು. ಕೊನೆಗೆ ಪ್ರತಿ ಪುಟಕ್ಕೂ ಸಂಖ್ಯೆ ಒತ್ತಿದಳು. ಸಂಖ್ಯೆ ಇರುವ ಪುಸ್ತಕದಿಂದ ಹಾಳೆ ಹರಿದರೆ ಸಿಕ್ಕಿಬೀಳುತ್ತಾರೆ. ಹಾಗಾಗಿ ನನ್ನೊಳಗೆ ಯಾರೂ ಸುಳ್ಳು ಬರೆಯಲಾರರು ಎಂದು ನಂಬಿದ್ದೆ.

ಮಂಡಕ್ಕಿ ಭಟ್ಟಿಗಳ ಓಣಿಯ ಸರ್ಕಾರಿ ಶಾಲೆಗೆ ನನ್ನನ್ನು ತಂದರು. ಹೆಡ್‌ಮಾಸ್ಟರ್ ರುದ್ರಮುನಿಯವರು ಮೊದಲ ಪುಟಕ್ಕೆ ಶಾಲೆಯ ಸೀಲು ಒತ್ತಿದರು. ತಿಂಗಳಿಗೊಮ್ಮೆ ಪಾಲಕರ ಸಭೆ. ಸಭೆ ಶುರುವಾಗುವ ಮೊದಲೇ ನನ್ನನ್ನು ಬೆಂಚಿನ ಮೇಲೆ ತೆರೆದಿಡುತ್ತಿದ್ದರು. ಪುಟ ಖಾಲಿ. ಭಟ್ಟಿಯಿಂದ ನೇರವಾಗಿ ಬಂದ ತಾಯಂದಿರು ಕೈಯ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಕೆಳಗಿನ ಸಾಲುಗಳಲ್ಲಿ ಸಹಿ ಹಾಕುತ್ತಿದ್ದರು. ಆಮೇಲೆ ಮಾತಾಡುತ್ತಿದ್ದರು. ಮಕ್ಕಳಿಗೆ ಓದಲು ಬರುತ್ತಿಲ್ಲ, ಗಣಿತದ ಪುಸ್ತಕ ಇನ್ನೂ ಹೊಸದರ ಹಾಗೇ ಇದೆ ಎನ್ನುತ್ತಿದ್ದರು. ಅವರು ಮನೆಗೆ ಹೋದ ಮೇಲೆ ಹೆಡ್‌ಮಾಸ್ಟರು ಸಹಿಗಳ ಮೇಲಿನ ಜಾಗ ತುಂಬುತ್ತಿದ್ದರು: ‘ಬೋಧನೆಯ ಬಗ್ಗೆ ಪಾಲಕರು ಪೂರ್ಣ ತೃಪ್ತಿ ವ್ಯಕ್ತಪಡಿಸಿದರು.’

ನಲವತ್ತನೆಯ ಪುಟದವರೆಗೂ ಅದೇ ವಾಕ್ಯ. ಆಡಿದ್ದನ್ನೆಲ್ಲ ಕೇಳಿದವನು ನಾನು. ಆಡದೇ ಇದ್ದುದನ್ನು ಹೊತ್ತವನೂ ನಾನೇ. ಮೈಯೆಲ್ಲ ಉರಿಯುತ್ತಿತ್ತು.

ಸಂಕ್ರಾಂತಿ ಕಳೆದ ಮೇಲಿನ ಸಭೆಗೆ, ಸಹಿಗಳು ಶುರುವಾಗುವ ಮೊದಲೇ, ಹಾಲಮ್ಮ ಎರಡು ಹಾಳೆ ಹಿಡಿದು ಬಂದಳು. ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುವ ಹೆಂಗಸು. ಯಾವಾಗಲೂ ಬಾಗಿಲ ಪಕ್ಕ ಕೂತು ಎದ್ದುಹೋಗುತ್ತಿದ್ದ ಅವಳ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಒಂದು ಹಾಳೆ ಎರಡನೇ ತರಗತಿಯ ಮಗನದು. ಇನ್ನೊಂದು ಆರನೇ ತರಗತಿಯ ಮಗಳು ನೇತ್ರಾಳದು. ಎರಡರಲ್ಲೂ ಹತ್ತು ಮಾವಿನಹಣ್ಣು. ಐದಕ್ಕೆ ಸುತ್ತು ಹಾಕಿ ಎಂದು ಎರಡರಲ್ಲೂ ಬರೆದಿತ್ತು.

ಮಕ್ಕಳು ಹಿಂದುಳಿದಿದ್ದಾರೆ, ಎಲ್ಲ ತರಗತಿಗೂ ಮೊದಲು ಇದೇ ಹಾಳೆ ಮಾಡಿಸಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿದೆ ಎಂದರು ಹೆಡ್‌ಮಾಸ್ಟರು. ಆರನೆಯ ತರಗತಿಯ ಗಣಿತ ಯಾವಾಗ ಎಂದು ಅವಳು ಕೇಳಿದರೆ, ನೋಡೋಣ ಎಂದರು.

“ಇದೇ ಸಾಲ್ಯಾಗ ಆರನೇತ್ತಕ್ಕೆ ನನಗೆ ಭಿನ್ನರಾಶಿ ಕಲಿಸಿದ್ರು ಸಾರ್,” ಎಂದಳು ಹಾಲಮ್ಮ. “ನನ್ನ ಮಗಳಿಗೆ ಯಾಕಿಲ್ಲ?”

ಕುರ್ಚಿಯಲ್ಲಿ ಕೂತಿದ್ದ ವಾರ್ಡಿನ ಮುಖಂಡ ನಾಗೇಂದ್ರಪ್ಪ ನಕ್ಕ. ತನ್ನ ಮಕ್ಕಳನ್ನು ಹಳದಿ ಬಸ್ಸಿನ ಶಾಲೆಗೆ ಕಳಿಸುವವನು ಅವನು. “ಆರನೇತ್ತಕ್ಕೇ ಸಾಲಿ ಬಿಟ್ಟಾಕಿ ನೀನು. ಮಾಸ್ತರ್ರಿಗೇ ಪಾಠ ಹೇಳ್ತೀಯೇನವ್ವಾ?”

“ಬಿಟ್ಟಾಕಿಗೇ ಗೊತ್ತಿರ್ತೈತಿ ಅಣ್ಣಾ, ಎಲ್ಲಿಗೆ ಬಿಟ್ಟೆ ಅಂತ. ನನ್ನ ಮಗಳು ದಿನಾ ಸಾಲಿಗೆ ಬಂದೂ ಅಲ್ಲಿಗೆ ಮುಟ್ಟಿಲ್ಲ.”

ಹೆಡ್‌ಮಾಸ್ಟರು ನನ್ನನ್ನು ಅವಳ ಮುಂದೆ ತಳ್ಳಿ, ಸಹಿ ಹಾಕಿ ಹೋಗು, ನೀನು ಹೇಳಿದ್ದನ್ನು ಆಮೇಲೆ ಬರೆಯುತ್ತೇನೆ ಎಂದರು. ಹಾಲಮ್ಮ ಪೆನ್ನು ತೆಗೆದುಕೊಂಡಳು. ಕೆಳಗಿನ ಸಾಲಿಗೆ ಹೋಗಲಿಲ್ಲ. ಪುಟದ ತಲೆಯಿಂದಲೇ ಬರೆಯತೊಡಗಿದಳು. ಅಕ್ಷರಗಳು ಸೊಟ್ಟ. ಪೆನ್ನು ಒತ್ತಿದ ಗುರುತು ಹಿಂಬದಿಯ ಪುಟಕ್ಕೂ ಮೂಡಿತು. ‘ನನ್ನ ಮಗಳಿಗೆ ಆರನೇ ತರಗತಿಯ ಪಾಠ ಮಾಡಿಲ್ಲ. ಇದಕ್ಕೆ ನಾವು ಒಪ್ಪಿಲ್ಲ.’ ಅದನ್ನು ಎಲ್ಲರಿಗೂ ಓದಿಹೇಳಿ, ಆಮೇಲೆ ಸಹಿ ಹಾಕಿದಳು. ಅವಳ ಕೆಳಗೆ ಇನ್ನೂ ಐವರು ಸಹಿ ಹಾಕಿದರು.

ಆ ಹಾಳೆಯನ್ನು ಹರಿಯುವಂತಿರಲಿಲ್ಲ. ಮರುದಿನವೇ ಹೊಸ ಪುಸ್ತಕ ಬಂತು. ನನ್ನ ಕೊನೆಯ ಪುಟದಲ್ಲಿ ‘ಪುಸ್ತಕ ಮುಗಿದಿದೆ’ ಎಂದು ಬರೆದು ನನ್ನನ್ನು ಬೀರುವಿಗೆ ಹಾಕಿದರು. ಅದು ನನ್ನೊಳಗಿನ ಕೊನೆಯ ಸುಳ್ಳು.

ಈಗ ಬೀರುವಿನ ಕತ್ತಲಲ್ಲಿ ನನಗೆ ವಯಸ್ಸಾಗುತ್ತಿದೆ. ಬೆನ್ನಿನ ಬಟ್ಟೆಯನ್ನು ಹುಳು ತಿನ್ನುತ್ತಿದೆ. ಆದರೆ ಕಿವಿ ಚುರುಕಾಗಿದೆ. ಮುಂದಿನ ಸಭೆಯಲ್ಲಿ ಹೊಸ ಪುಸ್ತಕವನ್ನು ತೆರೆದಿಟ್ಟು ಸಹಿ ಹಾಕಿ ಎಂದಾಗ ಒಬ್ಬರೂ ಏಳಲಿಲ್ಲ. ಮೊದಲು ಬರೀರಿ ಸಾರ್ ಎಂದ ದನಿ ಹಾಲಮ್ಮನದಲ್ಲ, ಬೇರೆ ಯಾರದೋ. ಆಮೇಲೆ ಹೆಡ್‌ಮಾಸ್ಟರ ಪೆನ್ನು ಓಡುವ ಸದ್ದು ಕೇಳಿಸಿತು. ಅಷ್ಟು ಜನರೆದುರು ಆ ಸದ್ದು ಕೇಳಿಸಿದ್ದು ಅದೇ ಮೊದಲು.

ಅಷ್ಟಕ್ಕೆ ನನ್ನ ಸಿಟ್ಟು ಇಳಿದಿಲ್ಲ. ಗೋಡೆಯ ಆಚೆ ಆರನೇ ತರಗತಿ. ನೇತ್ರಾಳ ದನಿಯೂ ಅಲ್ಲಿದೆ. ಅವರು ಇವತ್ತೂ ಹತ್ತರವರೆಗೆ ಎಣಿಸಿದರು. ನನ್ನಲ್ಲಿ ಇನ್ನೂ ಐವತ್ತನಾಲ್ಕು ಪುಟ ಖಾಲಿ ಇವೆ.